ಚಿಕ್ಕಪ್ಪನ ರೀಡು

ನಮ್ಮ ಚಿಕ್ಕಮ್ಮ ಊದುವ ವಾದ್ಯಗಳ ರಿಪೇರಿ ಅಂಗಡಿ ನಡೆಸುತ್ತಿದ್ದಳು. ಚಿಕ್ಕಂದಿನಲ್ಲಿ ಒಮ್ಮೆ ನಾನು ಉಪಕಾರ ಮಾಡುವ ಹುರುಪಿನಲ್ಲಿ ಮರದವನ್ನೆಲ್ಲ ಒಂದು ಕಡೆ, ಲೋಹದವನ್ನೆಲ್ಲ ಇನ್ನೊಂದು ಕಡೆ ಜೋಡಿಸಿಟ್ಟೆ. ಅವಳು ನಕ್ಕು ಮತ್ತೆ ಎಲ್ಲವನ್ನೂ ಕೆಳಗಿಳಿಸಿದಳು. ಬಣ್ಣ ನೋಡಿ ನೆಂಟಸ್ತನ ಹೇಳಬಾರದಂತೆ, ಉಸಿರು ಎಲ್ಲಿ ದನಿಯಾಗುತ್ತದೆ ಅಂತ ನೋಡಬೇಕಂತೆ. ತೂತಿನ ಅಂಚಿಗೆ ಉಸಿರು ತಾಗಿ ನುಡಿದರೆ ಕೊಳಲಿನ ಕುಟುಂಬ, ಬೆಳ್ಳಿಯದಾದರೂ ಸರಿಯೇ. ಜೊಂಡಿನ ಒಂದು ತೆಳು ಸೀಳು, ಅಂದರೆ ರೀಡು, ಅದುರಿ ನುಡಿದರೆ ಕ್ಲಾರಿನೆಟ್ಟಿನ ಕುಟುಂಬ. ಹಿತ್ತಾಳೆಯ ಸ್ಯಾಕ್ಸೊಫೋನೂ ಅದರ ತಂಗಿಯೇ. ಎರಡು ಸೀಳುಗಳನ್ನು ದಾರದಲ್ಲಿ ಜೊತೆಗಟ್ಟಿ ನಡುವೆ ಊದಿದರೆ ಓಬೋ, ಬಸೂನ್‌ಗಳ ಕುಟುಂಬ.

ಚಿಕ್ಕಪ್ಪ ಈ ಮೂರನೆಯ ಮನೆಯವನು. ಓಬೋ ನುಡಿಸುವವರು ತಮ್ಮ ತುಟಿಗೆ, ತಮ್ಮ ಹಟಕ್ಕೆ ತಕ್ಕಂತೆ ರೀಡನ್ನು ತಾವೇ ಕೆತ್ತಿಕೊಳ್ಳುತ್ತಾರೆ. ಹಾಗಾಗಿ ಅವನು ಸತ್ತ ಮೇಲೂ ಅವನ ದನಿ ಡಬ್ಬಿಯಲ್ಲಿ ಉಳಿದಿತ್ತು: ಅವನು ಕೊನೆಗೆ ಕೆತ್ತಿದ ಒಂದೇ ಒಂದು ರೀಡು.

ಚಿಕ್ಕಮ್ಮ ಅದನ್ನು ನೆನೆಸಿ ಓಬೋಗೆ ಸಿಕ್ಕಿಸಿ ಊದಿದರೆ ಪಕ್ಕದ ಕೋಣೆಯಲ್ಲಿದ್ದ ನನಗೆ ಚಿಕ್ಕಪ್ಪನೇ ಕೂತು ನುಡಿಸಿದಂತೆ ಕೇಳುತ್ತಿತ್ತು. ಸ್ವರದ ಮೊದಲಲ್ಲಿ ತುಸು ಒಡಕು, ಆಮೇಲೆ ತಡವಾಗಿ ಮನೆಗೆ ಬಂದ ಗಂಡನಂಥ ಮೆತ್ತನೆಯ ದನಿ. ಹೆಣಕ್ಕೆ ಹೆಗಲು ಕೊಟ್ಟಿದ್ದ ಪಕ್ಕದ ದರ್ಜಿಯೇ ಒಮ್ಮೆ ಬಾಗಿಲಿಗೆ ಬಂದು, ಯಜಮಾನರು ಇದ್ದಾರಾ ಅಂತ ಕೇಳಿ, ನಾಲಿಗೆ ಕಚ್ಚಿಕೊಂಡ.

ಆದರೆ ಊದಿದಷ್ಟೂ ರೀಡು ಸವೆಯುತ್ತದೆ. ಅವನನ್ನು ಕೇಳದೆ ಅವಳು ಇರಲಾರಳು. ಕೇಳಿದಷ್ಟೂ ಅವನು ಮುಗಿಯುತ್ತಾನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಅವಳು ಅದರ ತದ್ರೂಪು ಕೆತ್ತಲು ಕೂತಳು. ಅವನದೇ ಚಾಕು, ಅವನು ಬಿಟ್ಟುಹೋದ ಉಂಡೆಯದೇ ಕೆಂಪು ದಾರ. ವರ್ಷಗಟ್ಟಲೆ ಕೆತ್ತಿದಳು, ಬಿಸಾಡಿದಳು. ಸಾಕು ಬಿಡು ಅಂದದ್ದಕ್ಕೆ ನನಗೇ ಬೈಗುಳ. ಕೊನೆಗೆ ಒಂದು ರೀಡು ಕೈಗೆ ಹತ್ತಿತು. ಅದನ್ನು ಊದಿ, ತಿದ್ದಿ, ಮತ್ತೆ ಊದಿ, ಅದೂ ಹಳೆಯದರಷ್ಟೇ ಕಪ್ಪಾಯಿತು.

ಒಂದು ಮಧ್ಯಾಹ್ನ ಹೋಲಿಸಿ ನೋಡಲೆಂದು ಎರಡನ್ನೂ ಒಂದೇ ಲೋಟದ ನೀರಿಗೆ ಹಾಕಿದಳು. ಅಷ್ಟರಲ್ಲಿ ಗಿರಾಕಿ ಕರೆದ. ವಾಪಸ್ಸು ಬಂದು ಒಂದನ್ನು ತೆಗೆದು ಊದಿದಳು. ಚಿಕ್ಕಪ್ಪ. ಇನ್ನೊಂದನ್ನು ಊದಿದಳು. ಅದೂ ಚಿಕ್ಕಪ್ಪನೇ. ನೀನು ಗೆದ್ದೆ ಚಿಕ್ಕಮ್ಮ ಅನ್ನುತ್ತಾ ನಾನು ಒಳಗೆ ಓಡಿದೆ. ಅವಳ ಮುಖ ಬಿಳಿಚಿತ್ತು.

"ಇದರಲ್ಲಿ ಅವರು ಮಾಡಿದ್ದು ಯಾವುದು ಹೇಳೇ?" ಅಂದಳು.

ಕಿಟಕಿಯ ಬೆಳಕಿಗೆ ಹಿಡಿದಳು, ಉಗುರಿನಿಂದ ದಾರ ಸವರಿದಳು, ಮತ್ತೆ ಊದಿದಳು. ಸಮಾಧಾನಕ್ಕೆ ನಾನು ಒಂದನ್ನು ತೋರಿಸಿದೆ. ಅವಳು ತಲೆ ಅಲ್ಲಾಡಿಸಿದಳು.

"ಎರಡರಲ್ಲೂ ಊದಿದ್ದು ನಾನೇ ಕಣೇ. ಇಷ್ಟು ದಿನಾನೂ ನಾನೊಬ್ಬಳೇ ಇದ್ದೆ."

ಹೆಣ ಎತ್ತುವಾಗ ಅಳದಿದ್ದವಳು ಅವತ್ತು ಎರಡು ಕೈಯಲ್ಲಿ ಎರಡು ರೀಡು ಹಿಡಿದು, ಯಾವ ಕೈ ನೋಡಿ ಅಳಬೇಕೆಂದು ತಿಳಿಯದೆ ಅತ್ತಳು.