ಇನಾಸನ ಪೆಟ್ಟಿಗೆ ಮಾಡಿದ ಶಬ್ದ

೧೯೮೭ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ತರಗತಿ ಮುಗಿದಿತ್ತು, ಎಂಟಕ್ಕೆ ಹೆಸರು ಹಚ್ಚಲಿಲ್ಲ. ಯಾರೂ ಬಿಡಿಸಿದ್ದಲ್ಲ, ನಾನೇ ಬಿಟ್ಟದ್ದು. ಅದರ ಬಗ್ಗೆ ನನಗೆ ನಾಚಿಕೆಯೂ ಇಲ್ಲ, ಬೇಸರವೂ ಇಲ್ಲ. ಕುಮಟೆಯ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂತು ಬೆಸುಗೆ ಹಾಕುವುದನ್ನು ಕಲಿತೆ. ಆಮೇಲೆ ಯಾರ್‍ಯಾರದೋ ಮೈಕಿನ ಹಾರ್ನು ಹೊತ್ತು ತೆಂಗಿನಮರ ಹತ್ತಿದೆ. ಆಮೇಲೆ ನನ್ನದೇ ಮೈಕ್‌ಸೆಟ್ ಮಾಡಿದೆ. ಕುಮಟೆಯಿಂದ ಭಟ್ಕಳದವರೆಗೆ ಮದುವೆಯಿರಲಿ, ಯಕ್ಷಗಾನದ ಆಟವಿರಲಿ, ಚುನಾವಣೆಯ ಭಾಷಣವಿರಲಿ, ನನ್ನ ಸೆಟ್ಟು ಬಂದರೆ ಕೊನೆಯ ಸಾಲಿನ ಕಿವುಡ ಮುದುಕನೂ ತಲೆ ಎತ್ತುತ್ತಿದ್ದ. ಇದನ್ನು ಜಂಬ ಅನ್ನುವವರು ಅನ್ನಲಿ.

ಇಷ್ಟನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಈ ಬರಹ ಓದಿ ನೀವು ನನ್ನನ್ನು ದೆವ್ವ ನಂಬುವವರ ಸಾಲಿಗೆ ಸೇರಿಸಬಾರದು. ನಾನು ನಂಬುವವನಲ್ಲ. ನನ್ನ ಕಸುಬಿನಲ್ಲಿ ದೆವ್ವ ಅಂದರೆ ಲೂಸ್ ಕನೆಕ್ಷನ್. ಮಾವಿನಕುರ್ವೆಯಲ್ಲಿ ಒಂದು ಮನೆಯವರು ಮಾಳಿಗೆಯ ಮೇಲೆ ಯಾರೋ ಮಾತಾಡುತ್ತಾರೆ ಎಂದು ಮಕ್ಕಳನ್ನು ಕರೆದುಕೊಂಡು ನೆಂಟರ ಮನೆಗೆ ಹೋಗಿ ಕೂತಿದ್ದರು. ನಾನು ಹತ್ತಿ ನೋಡಿದೆ. ಹಳೆಯ ಆಂಪ್ಲಿಫಾಯರೊಂದನ್ನು ಆಫ್ ಮಾಡದೆ ಬಿಟ್ಟಿದ್ದರು. ಅದರ ಉದ್ದನೆಯ ತಂತಿ ಮೀನುದೋಣಿಯವರ ವೈರ್‌ಲೆಸ್ ಮಾತನ್ನು ಹಿಡಿಯುತ್ತಿತ್ತು. ತಂತಿ ಕಿತ್ತೆ, ದೆವ್ವ ಹೋಯಿತು. ಇಂಥ ಎಷ್ಟೋ ದೆವ್ವಗಳನ್ನು ನಾನು ಇಕ್ಕಳದಲ್ಲಿ ಹಿಡಿದು ಕತ್ತರಿಸಿದ್ದೇನೆ.

ಈಗ ಇನಾಸನ ಸುದ್ದಿ. ಸತ್ತವರ ಬಗ್ಗೆ ಕೆಟ್ಟದ್ದು ಹೇಳಬಾರದು ಅನ್ನುತ್ತಾರೆ. ಬದುಕಿದ್ದಾಗ ಎದುರಿಗೇ ಹೇಳಿದವನು ನಾನು, ಸತ್ತ ಮೇಲೆ ಯಾಕೆ ನುಂಗಿಕೊಳ್ಳಲಿ? ಸೊಕ್ಕಿನ ಮನುಷ್ಯ. ಹೊನ್ನಾವರದಿಂದ ಶರಾವತಿ ಸೇತುವೆ ದಾಟಿದ ಕೂಡಲೆ ಸಿಗುವ ಕಾಸರಕೋಡಿನವನು. ಹಡಗಿನ ಬ್ಯಾಂಡಿನಲ್ಲಿ ಬಾರಿಸುತ್ತ ದೇಶ ಸುತ್ತಿ, ಊರಿಗೆ ಬರುವಾಗ ಪೆಡಲ್ ಸ್ಟೀಲ್ ಗಿಟಾರ್ ಎಂಬ ವಾದ್ಯ ತಂದಿದ್ದ. ಗಿಟಾರು ಅಂದರೆ ನೀವು ತಿಳಿದಂಥದ್ದಲ್ಲ. ನಾಲ್ಕು ಕಾಲಿನ ಸಣ್ಣ ಮೇಜಿನಂತಿರುತ್ತದೆ, ಮೇಲೆ ತಂತಿಗಳು, ಕೆಳಗೆ ಕಾಲಲ್ಲಿ ಒತ್ತುವ ಪೆಡಲ್ಲು, ಮಂಡಿಯಿಂದ ದೂಡುವ ಸರಳು. ಎಡಗೈಯಲ್ಲಿ ಒಂದು ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸುತ್ತ ಬಾರಿಸಬೇಕು. ಶಬ್ದದ ಮಟ್ಟಿಗೆ ಸುಳ್ಳು ಹೇಳಲಾರೆ. ಒಂದು ಸ್ವರ ಇನ್ನೊಂದರೊಳಕ್ಕೆ ಎಣ್ಣೆಯ ಹಾಗೆ ಇಳಿಯುತ್ತಿತ್ತು. ಮದುವೆ ಮನೆಯಲ್ಲಿ ಊಟ ಬಿಟ್ಟು ಎದ್ದು ಬಂದು ಕೇಳುತ್ತಿದ್ದರು.

ಆ ಶಬ್ದ ಗಿಟಾರಿನದು ಮಾತ್ರವಲ್ಲ ಎಂದು ನನ್ನ ಕಿವಿಗೆ ಗೊತ್ತಿತ್ತು. ಅವನ ಸ್ಟೂಲಿನ ಹಿಂದೆ ಹಳೆಯ ಪರದೆಬಟ್ಟೆ ಹೊದೆಸಿದ ಪೆಟ್ಟಿಗೆಗಳಿರುತ್ತಿದ್ದವು. ಒಳಗೆ ಯಾವ ಆಂಪ್ಲಿಫಾಯರ್, ಯಾವ ಸ್ಪೀಕರ್, ಯಾರಿಗೂ ತೋರಿಸುತ್ತಿರಲಿಲ್ಲ. ಒಮ್ಮೆ ಹೊನ್ನಾವರದ ಮದುವೆಯೊಂದರಲ್ಲಿ ನನ್ನ ಮೈಕನ್ನು ಆ ಪೆಟ್ಟಿಗೆಯ ಹತ್ತಿರ ಇಡಲು ಬಟ್ಟೆ ಸರಿಸಿದೆ. ವಧೂವರರ ಎದುರಿಗೇ ಕೂಗಿದ.

"ಏ ಮೈಕಿನವ, ಕೈ ತೆಗಿ! ದೋಸೆ ತಿನ್ನು, ತೂತು ಎಣಿಸ್ಬೇಡ."

"ನಿನ್ನ ದೋಸೆ ಊರಿಗೆಲ್ಲ ಬಡಿಸೂದು ನನ್ನ ಸೆಟ್ಟು, ಗೊತ್ತಿರ್ಲಿ," ಅಂದೆ.

ಅವನು ಬಾಯಲ್ಲಿ ಉತ್ತರ ಕೊಡಲಿಲ್ಲ. ನಾನು ಹೋಗಿ ಮೈಕು ಪರೀಕ್ಷಿಸಲು "ಹಲೋ, ಹಲೋ, ಚೆಕ್" ಅಂದೆ. ನನ್ನ ಗಂಟಲು ಒಡಕು. ಎರಡನೆಯ ಹಲೋ ಯಾವಾಗಲೂ ಮೇಲೆ ಹೋಗಿ ಮುರಿಯುತ್ತದೆ. ಅವನು ಗಿಟಾರಿನಲ್ಲಿ ಅದನ್ನೇ ಹಾಗೆಯೇ ನುಡಿಸಿದ. ಹಲೋ, ಹಲೋ, ಚೆಕ್. ಮುರಿಯುವ ಜಾಗದಲ್ಲಿ ಮುರಿದು. ಸಭೆಯೆಲ್ಲ ನಕ್ಕಿತು. ಅಂದಿನಿಂದ ನಾವಿಬ್ಬರೂ ಒಂದೇ ಕಾರ್ಯಕ್ಕೆ ಹೋದಲ್ಲೆಲ್ಲ ಅದೇ ಕತೆ. ನಾನು ಹಲೋ ಅನ್ನಬೇಕು, ಅವನ ಪೆಟ್ಟಿಗೆ ಅಣಕಿಸಬೇಕು.

ಅವನು ತೀರಿಕೊಂಡು ವರ್ಷವಾಗುತ್ತ ಬಂದಾಗ ಅವನ ಹೆಂಡತಿ ಸೆರಫಿನ್ ಬಾಯಿ ಕುಮಟೆಗೆ, ನನ್ನ ಅಂಗಡಿಗೆ ಬಂದರು. ಕೂರಿ ಅಂದರೆ ಕೂರಲಿಲ್ಲ.

"ನಿನ್ನ ಬಾಗಿಲಿಗೆ ಬರೂ ಮನ್ಸು ನಂಗಿರ್ಲಿಲ್ಲ. ಅಂವ ಇದ್ದಿದ್ರೆ ನನ್ನ ಕಾಲು ಮುರೀತಿದ್ದ."

"ಮತ್ತೆ ಎಂತಕ್ಕೆ ಬಂದ್ರಿ, ಬಾಯಿ?"

"ಕಿವಿ ಇದ್ರೆ ಅದು ನಿಂಗೆ ಮಾತ್ರ ಅಂತ ಅವನೇ ಹೇಳ್ತಿದ್ದ. ನಿನ್ನೆದ್ರಿಗೆ ಹೇಳ್ಲಿಲ್ಲ, ಅಷ್ಟೆ."

ವಿಷಯ ಇಷ್ಟು. ಬೋಟಿನ ಎಂಜಿನ್ ರಿಪೇರಿ ಮಾಡುವ ಅವರ ಅಳಿಯ ಜೋಯೆಲ್ ಮಾವನಿಂದ ವಾದ್ಯ ಕಲಿತಿದ್ದ. ವರ್ಷದ ಪೂಜೆಯ ದಿನ ಊರವರ ಮುಂದೆ ಬಾರಿಸಬೇಕು ಎಂದಿದ್ದ. ಕೈ ಚೆನ್ನಾಗಿಯೇ ಓಡುತ್ತಿತ್ತು, ಆದರೆ ಮಾವನ ಶಬ್ದ ಬರುತ್ತಿರಲಿಲ್ಲ. ಇನಾಸ ಬಿಟ್ಟುಹೋದ ಕೋಣೆಯಲ್ಲಿ ಹಲವು ಆಂಪ್ಲಿಫಾಯರು, ಹಲವು ಸ್ಪೀಕರು, ಒಂದು ಎಕೋ ಯಂತ್ರ. ಹೆಸರಿನ ತಗಡುಗಳನ್ನೆಲ್ಲ ಆ ಪುಣ್ಯಾತ್ಮ ಕಿತ್ತುಹಾಕಿದ್ದ. ಯಾವುದನ್ನು ಯಾವುದಕ್ಕೆ ಸೇರಿಸಿ ಬಟ್ಟೆಯ ಕೆಳಗೆ ಇಡುತ್ತಿದ್ದ ಎಂದು ಕಂಡುಹಿಡಿಯಬೇಕಿತ್ತು.

ಈ ಸುದ್ದಿ ಭಟ್ಕಳದ ಮಂಜುವಿಗೆ ಮುಟ್ಟಿತು. ಅವನೂ ಮೈಕ್‌ಸೆಟ್ಟಿನವನೇ. ಒಂದು ಕಾಲದಲ್ಲಿ ನಾನೂ ಅವನೂ ಒಂದೇ ಅಂಗಡಿಯಲ್ಲಿ ಬೆಸುಗೆ ಹಾಕಿದವರು, ಆಮೇಲೆ ಮುಖ ಕಂಡರೆ ಆಗದವರು. ಅವನು ಹೊನ್ನಾವರ ಬಸ್‌ಸ್ಟ್ಯಾಂಡಿನ ಹತ್ತಿರ ನಾಲ್ಕು ಜನರ ನಡುವೆ ನನ್ನನ್ನು ತಡೆದ.

"ಅದು ಅಮೆರಿಕದ ಆಂಪು ಮಾರಾಯ. ಇನಾಸ ಸಾಯೂ ಮೊದ್ಲೇ ಅದ್ನ ಗೋವೆಗೆ ಸಾಗ್ಸಿದ್ದ. ನೀ ಖಾಲಿ ಗೂಡಲ್ಲಿ ಮೊಟ್ಟೆ ಹುಡುಕ್ತೆ."

"ಆ ಕೋಣೆಲೇ ಇದೆ. ಕಂಡುಹಿಡ್ದು ತೋರ್ಸ್ತೆ."

"ಆಗ್ದಿದ್ರೆ?"

ನನಗೆ ಸಿಟ್ಟು ಬಂದರೆ ಬಾಯಿ ಮೊದಲು ಓಡುತ್ತದೆ. "ಆಗ್ದಿದ್ರೆ ನನ್ನ ಸೆಟ್ಟು ಶರಾವತಿ ಸೇತುವೆ ದಾಟೂದಿಲ್ಲ. ಕಂಡುಹಿಡ್ದ್ರೆ ನಿಂದು ಈಚೆ ಬರ್ಕೂಡ್ದು."

"ಆತು," ಅಂದ. ನಾಲ್ಕು ಜನ ಕೇಳಿಸಿಕೊಂಡರು.

ಸೇತುವೆಯ ಆಚೆ ಅಂದರೆ ಏನು ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಇಡಗುಂಜಿಯ ಮದುವೆಗಳು, ಮಂಕಿ, ಮುರ್ಡೇಶ್ವರ, ಭಟ್ಕಳ. ನನ್ನ ದುಡಿಮೆಯ ಅರ್ಧ ಪಾಲು ಅಲ್ಲಿತ್ತು. ಆದರೂ ಹೆದರಲಿಲ್ಲ. ಯಾವ ಶಬ್ದ ಎಲ್ಲಿಂದ ಬರುತ್ತದೆ ಎಂದು ಹೇಳುವುದೊಂದು ನನಗೆ ಬರುತ್ತದೆ ಎಂದು ನಂಬಿದ್ದೆ.

ಒಂದು ಬೆಳಿಗ್ಗೆ ಕಾಸರಕೋಡಿಗೆ ಹೋಗಿ ಆ ಕೋಣೆಯಲ್ಲಿ ಕೂತೆ. ಜೋಯೆಲ್ ವಾದ್ಯದ ಮುಂದೆ. ಸೆರಫಿನ್ ಬಾಯಿ ಬಾಗಿಲಲ್ಲಿ, ನಾನು ಏನಾದರೂ ಕದ್ದುಬಿಡುತ್ತೇನೆ ಎಂಬಂತೆ ಕಾವಲು. ಮಂಜು ಜಗಲಿಯ ಕಿಟಕಿಯ ಆಚೆ ಕುರ್ಚಿ ಹಾಕಿಕೊಂಡು ಎಲೆಯಡಿಕೆಯ ಕವಳ ಜಗಿಯುತ್ತಿದ್ದ. ಇನಾಸ ಹಿಂದೆ ಭಟ್ಕಳದಲ್ಲಿ ಬಾರಿಸಿದ ಒಂದು ಕಾರ್ಯಕ್ರಮವನ್ನು ಯಾರೋ ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. ಅದು ಜೋಯೆಲನ ಮೊಬೈಲಿನಲ್ಲಿತ್ತು. ಅದನ್ನು ಕೇಳುವುದು, ಪೆಟ್ಟಿಗೆಗಳನ್ನು ಬದಲಾಯಿಸುವುದು, ಜೋಯೆಲ್ ಬಾರಿಸುವುದು, ಮತ್ತೆ ಕೇಳುವುದು. ಹೀಗೆ ಊಟದ ಹೊತ್ತು ಮೀರಿತು.

ಒಂದೊಂದಾಗಿ ಗುರುತು ಹತ್ತಿತು. ಗಾಜಿನ ವಾಲ್ವಿನ ಆಂಪ್ಲಿಫಾಯರ್ ಹೌದು, ಆದರೆ ಅಮೆರಿಕದ್ದಲ್ಲ. ಹಳೆಯ ಸಿನಿಮಾ ಟಾಕೀಸಿನದು. ಟ್ರಾನ್ಸ್‌ಫಾರ್ಮರನ್ನು ಕೈಯಿಂದ ಮತ್ತೆ ಸುತ್ತಿದ್ದರು. ಎಕೋ ಯಂತ್ರ ಬೇಕಾಗಿಯೇ ಇರಲಿಲ್ಲ, ಅದು ಜನರನ್ನು ದಾರಿ ತಪ್ಪಿಸಲು ಇಟ್ಟದ್ದು. ಕೊನೆಗೆ ಪರದೆಬಟ್ಟೆಯನ್ನು ಎರಡು ಮಡಿಕೆ ಮಾಡಿ ಸ್ಪೀಕರಿನ ಮುಖಕ್ಕೆ ಹೊದೆಸಿದೆ. ಜೋಯೆಲ್ ಬಾರಿಸಿದ. ಬಾಗಿಲಲ್ಲಿದ್ದ ಸೆರಫಿನ್ ಬಾಯಿ ಗೋಡೆ ಹಿಡಿದುಕೊಂಡರು. ಬಟ್ಟೆ ಗುಟ್ಟಿಗೆ ಮಾತ್ರವಲ್ಲ, ಶಬ್ದದ ಹರಿತ ತೆಗೆಯುವುದಕ್ಕೂ ಇತ್ತು. ಹತ್ತಿರ, ಬಹಳ ಹತ್ತಿರ ಬಂದಿತ್ತು. ಆದರೆ ಅದಲ್ಲ. ಕ್ಯಾಸೆಟ್ಟಿನ ಶಬ್ದದಲ್ಲಿ ಇನ್ನೇನೋ ಒಂದು ಮನುಷ್ಯನ ಗಂಟಲಿನಂಥದ್ದು ಇತ್ತು, ಇದರಲ್ಲಿ ಇರಲಿಲ್ಲ.

"ಆತಾ? ಸೇತುವೆ ಮುಚ್ಚೂ ಹೊತ್ತಾಯ್ತು," ಎಂದ ಮಂಜು ಕಿಟಕಿಯಿಂದ.

"ಉಗುಳೂದಾದ್ರೆ ಆ ಬದಿ ಉಗುಳು," ಅಂದೆ.

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಹೇಗೂ ನಿಂತಿದೆ, ಈ ಸ್ಪೀಕರಿನ ತಂತಿ ಹಳತು, ಬೆಸುಗೆಯ ತುದಿ ಕೊಳೆತಿದೆ, ಹೊಸದಾಗಿ ಸುಲಿದು ಹಾಕೋಣ ಎಂದುಕೊಂಡೆ. ಆಂಪ್ಲಿಫಾಯರಿನ ಪ್ಲಗ್ಗು ಕಿತ್ತು ಪಕ್ಕಕ್ಕಿಟ್ಟೆ. ಸ್ಪೀಕರಿನ ತಂತಿಯನ್ನು ಆಂಪ್ಲಿಫಾಯರಿನಿಂದ ಬಿಚ್ಚಿದೆ. ಸೆರಫಿನ್ ಬಾಯಿ ಕೊಟ್ಟ ಚಹ ಕುಡಿದು, ಲೋಟ ಕೆಳಗಿಟ್ಟು, ಬಿಚ್ಚಿದ ಕಡೆಯ ಎರಡೂ ಎಳೆಯ ತುದಿ ಹಲ್ಲಿನಲ್ಲಿ ಕಚ್ಚಿ ಎಳೆದೆ. ಮೈಕ್‌ಸೆಟ್ಟಿನವರು ತಂತಿ ಸುಲಿಯುವುದು ಹಲ್ಲಿನಿಂದಲೇ. ಕೈಯಲ್ಲಿ ಇಕ್ಕಳವಿದ್ದರೂ ಹಲ್ಲೇ ಮೊದಲು ಹೋಗುತ್ತದೆ. ನನ್ನ ಮುಂದಿನ ಹಲ್ಲಿನಲ್ಲಿ ಅದಕ್ಕೆಂದೇ ಒಂದು ಕಚ್ಚು ಬಿದ್ದಿದೆ.

ಪ್ಲಾಸ್ಟಿಕ್ಕು ಕಳಚಿ ತಾಮ್ರ ನಾಲಿಗೆಗೆ ತಾಗಿತು. ಹುಳಿಯೆನಿಸಿತು. ಸಣ್ಣ ಬ್ಯಾಟರಿಯಲ್ಲಿ ಜೀವ ಇದೆಯೋ ಇಲ್ಲವೋ ನೋಡಲು ನಾಲಿಗೆಗೆ ತಾಗಿಸುತ್ತೇವಲ್ಲ, ಆ ಹುಳಿ. ಕರೆಂಟೇ ಇಲ್ಲದ ಮನೆಯಲ್ಲಿ, ಸ್ಪೀಕರಿಗಲ್ಲದೆ ಬೇರೆಲ್ಲಿಗೂ ಸೇರದ ತಂತಿಯಲ್ಲಿ ಹುಳಿ ಎಲ್ಲಿಂದ ಎಂದು ಯೋಚಿಸುವ ಮೊದಲೇ ಸ್ಪೀಕರು ನುಡಿಯಿತು.

ಹಲೋ. ಹಲೋ. ಚೆಕ್.

ಎರಡನೆಯದು ಮೇಲೆ ಹೋಗಿ ಮುರಿಯಿತು. ಮಾತಿನಲ್ಲಲ್ಲ, ಸ್ಟೀಲ್ ಗಿಟಾರಿನಲ್ಲಿ. ಜೋಯೆಲನ ಎರಡೂ ಕೈ ಮಡಿಲಲ್ಲಿದ್ದವು, ನಾನು ಕಣ್ಣಾರೆ ಕಂಡಿದ್ದೇನೆ. ಮೊಬೈಲು ಚಾರ್ಜು ಮುಗಿದು ನನ್ನ ಮುಂದೆಯೇ ಕಪ್ಪಾಗಿ ಬಿದ್ದಿತ್ತು. ಹೊದೆಸಿದ ಬಟ್ಟೆ ಉಸಿರು ಬಿಟ್ಟ ಹಾಗೆ ಮುಂದೆ ಬಂದು ಹಿಂದೆ ಹೋಯಿತು. ಇಡೀ ದಿನ ಹುಡುಕಿದ ಶಬ್ದ ಅದೇ. ಕೊರತೆ ಎನ್ನುವುದು ಒಂದು ಎಳೆಯೂ ಇಲ್ಲದ ಶಬ್ದ. ಮತ್ತೆ ನುಡಿಯಿತು. ಮೂರನೆಯ ಸಲ ಇನ್ನೂ ಗಟ್ಟಿಯಾಗಿ, ಕಿಟಕಿಯ ಸರಳು ನಡುಗುವಷ್ಟು. ತಮಾಷೆಯ ಅಣಕವಾಗಿರಲಿಲ್ಲ ಅದು. ಮುಖಕ್ಕೆ ಮುಖ ತಂದು ಬೈದ ಹಾಗಿತ್ತು. ನಾನು ಬಾಯಿ ಬಿಡಬೇಕಿತ್ತು, ಬಿಡಲಾಗಲಿಲ್ಲ. ಹಲ್ಲು ತಂತಿಯ ಮೇಲೆ ಕಚ್ಚಿಕೊಂಡೇ ನಿಂತಿತು.

ಸೆರಫಿನ್ ಬಾಯಿ ಒಳಗೆ ಬಂದರು. ಹೆದರಿದ ಹೆಂಗಸಿನ ಹಾಗಲ್ಲ. ಗಂಡ ಕುಡಿದು ಬಂದ ದಿನ ಹೇಗೆ ಬರುತ್ತಿದ್ದರೋ ಹಾಗೆ. ಪೆಟ್ಟಿಗೆಯ ಮುಂದೆ ನಿಂತು ಕೊಂಕಣಿಯಲ್ಲಿ "ಪುರೊ, ಇನಾಸ್. ಪುರೊ" ಎಂದರು. ಸಾಕು ಎಂದು. ಆಮೇಲೆ ನನ್ನ ಕಡೆ ತಿರುಗಿ, ಕೈಯಿಂದ ತಂತಿಯನ್ನು ನನ್ನ ಬಾಯಿಂದ ಎಳೆದು ತೆಗೆದರು. ಶಬ್ದ ನಿಂತಿತು.

ನಾನು ಮೊದಲು ಮಾಡಿದ್ದು ನನ್ನ ಕೆಲಸವನ್ನೇ. ವಾಲ್ವಿನ ಆಂಪ್ಲಿಫಾಯರ್ ಪ್ಲಗ್ಗು ಕಿತ್ತ ಮೇಲೂ ತುಸು ಹೊತ್ತು ಜೀವ ಹಿಡಿದಿರುತ್ತದೆ. ವಾಲ್ವು ಮುಟ್ಟಿದೆ, ತಣ್ಣಗಿತ್ತು. ಹಾಗೆ ಹಿಡಿದಿದ್ದರೂ ಸ್ಪೀಕರು ಅದಕ್ಕೆ ಸೇರಿರಲಿಲ್ಲ. ಸ್ಪೀಕರಿನ ಹಿಂದಿನ ಹಲಗೆ ಬಿಚ್ಚಿ ನೋಡಿದೆ: ಬ್ಯಾಟರಿಯಿಲ್ಲ, ಬೇರೆ ತಂತಿಯಿಲ್ಲ, ಇದ್ದದ್ದು ಜೇಡನ ಬಲೆ. ಯಾವ ದೋಣಿಯ ವೈರ್‌ಲೆಸ್ಸೂ ಸ್ಟೀಲ್ ಗಿಟಾರು ನುಡಿಸುವುದಿಲ್ಲ.

ಮಂಜು ಒಳಗೆ ಬಂದಿದ್ದ. ಮುಖ ಬಿಳಚಿತ್ತು, ನಾಲಿಗೆ ಮಾತ್ರ ಬಿಳಚಿರಲಿಲ್ಲ. "ಎಂತದೋ ಕಟ್ಟಿಟ್ಟು ನಾಟ್ಕ ಆಡ್ತೆ ನೀನು," ಎಂದ. ನಾನು ಬಿಚ್ಚಿದ ಪೆಟ್ಟಿಗೆ ತೋರಿಸಿದೆ. ಅವನೂ ಕಸುಬಿನವನೇ, ಕೈಯಾಡಿಸಿ ನೋಡಿದ, ಏನೂ ಸಿಗಲಿಲ್ಲ. ಆಮೇಲೆ ಎದ್ದು ನಿಂತು ಕೇಳಿದ.

"ಶಬ್ದ ಅದೇ. ಒಪ್ಕೊಂಡೆ. ಈಗ ಹೇಳು, ಅದು ಎಂತದ್ರಿಂದ ಬಂತು?"

ಪಂಥ ಇದ್ದದ್ದೇ ಅದರ ಮೇಲೆ. ಸ್ಪೀಕರಿಗೆ ಆ ಹೊತ್ತಿನಲ್ಲಿ ಸೇರಿದ್ದು ಏನು ಎಂದು ಹೇಳಿಬಿಟ್ಟರೆ ನಾನು ಗೆದ್ದೆ. ಸೇರಿದ್ದು ನನ್ನ ಬಾಯಿ ಮಾತ್ರ. ಜೋಯೆಲ್ ನನ್ನನ್ನೇ ನೋಡುತ್ತಿದ್ದ. ಸೆರಫಿನ್ ಬಾಯಿಯ ಕೈಯಲ್ಲಿ ಇನ್ನೂ ಆ ತಂತಿ ಇತ್ತು, ತುದಿಯಲ್ಲಿ ನನ್ನ ಎಂಜಲು.

"ಗೊತ್ತಿಲ್ಲ," ಅಂದೆ.

"ಗೊತ್ತಿಲ್ಲಾ? ನಿನ್ನ ಬಾಯಲ್ಲಿ ಈ ಮಾತು ಮೊದ್ಲ ಸಲ ಕೇಳ್ದೆ," ಎಂದು ಮಂಜು ಚಪ್ಪಲಿ ಮೆಟ್ಟಿಕೊಂಡು ಹೋದ. ಆ ಸ್ಪೀಕರನ್ನು ಮತ್ತೆ ಯಾರೂ ಹಚ್ಚಲಿಲ್ಲವಂತೆ. ವರ್ಷದ ಪೂಜೆಗೆ ಜೋಯೆಲ್ ಬೇರೆ ಪೆಟ್ಟಿಗೆಯಲ್ಲಿ, ಮಂಜುವಿನ ಸೆಟ್ಟಿನಲ್ಲಿ ಬಾರಿಸಿದ. ಚೆನ್ನಾಗಿತ್ತು ಅಂದರು. ಚೆನ್ನಾಗಿತ್ತು ಅಂದರೆ ಅದಲ್ಲ ಎಂದೇ ಅರ್ಥ.

ಇದನ್ನು ಓದುವವರಲ್ಲಿ ವಿದ್ಯುತ್ತಿನ ವಿಷಯ ಕಲಿತವರಿದ್ದರೆ ಅಂಥವರನ್ನು ಆಗಲೇ ಕೇಳಿದ್ದೇನೆಂದು ತಿಳಿಯಿರಿ. ಒಬ್ಬರು ಹಲ್ಲಿನ ಸಿಮೆಂಟು ರೇಡಿಯೋ ಹಿಡಿಯುತ್ತದೆ ಎಂದರು. ನನ್ನ ಹಲ್ಲಿಗೆ ಯಾರೂ ಸಿಮೆಂಟು ಹಾಕಿಲ್ಲ. ಇನ್ನೊಬ್ಬರು ನಾಲ್ಕೂ ಜನಕ್ಕೆ ಒಟ್ಟಿಗೆ ಭ್ರಮೆ ಎಂದರು. ಮಂಜುವಿಗೂ ನನಗೂ ಒಂದೇ ಭ್ರಮೆ ಬೀಳುವಷ್ಟು ಸ್ನೇಹವಿಲ್ಲ. ಇನಾಸನ ದೆವ್ವ ಅನ್ನಲು ನನಗೆ ಈಗಲೂ ಬಾಯಿ ಬರುವುದಿಲ್ಲ. ಅಲ್ಲ ಅನ್ನಲೂ ಬರುವುದಿಲ್ಲ. ಅವನ ಮೇಲಿನ ಸಿಟ್ಟು ಮಾತ್ರ ಹಾಗೆಯೇ ಇದೆ. ಅದಕ್ಕೆ ಯಾವ ವಿವರಣೆಯೂ ಬೇಕಾಗಿಲ್ಲ.

ಕೊಟ್ಟ ಮಾತನ್ನು ನಾನು ತಪ್ಪಲಿಲ್ಲ. ಇಡಗುಂಜಿಯಿಂದ ಕೇಳಿ ಬಂದವರನ್ನು ಮಂಜುವಿನ ಹತ್ತಿರ ನಾನೇ ಕಳಿಸಿದ್ದೇನೆ. ಈಗ ನನ್ನಲ್ಲಿ ಎರಡು ಟೆಂಪೊ, ಒಂದು ಜನರೇಟರ್, ಹದಿನಾರು ದೊಡ್ಡ ಬಾಕ್ಸ್, ಎರಡು ಮಿಕ್ಸರ್, ಕೆಲಸಕ್ಕೆ ನಾಲ್ಕು ಜನ, ಕುಮಟೆಯಲ್ಲಿ ಸಾಲವಿಲ್ಲದ ಒಂದು ಗೋದಾಮು, ಮತ್ತು ಹೊನ್ನಾವರ ಪೇಟೆಯವರೆಗಿನ ಕೆಲಸ.