ಸರಕಾರಿ ಮಾಲು

ಗಾಂಜಾಕ್ಕೂ ಪರವಾನಗಿ ಕೊಟ್ಟು, ತೆರಿಗೆ ಹಾಕಿ, ಅಂಗಡಿಯಲ್ಲಿಟ್ಟು ಮಾರಬೇಕು ಎಂದು ವಾದಿಸಿ ರಾಣೆಬೆನ್ನೂರಿನ ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲಿ ನಾನು ಮೊದಲ ಬಹುಮಾನ ಗೆದ್ದವಳು. ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದ್ದರು. ನನ್ನ ಚೀಟಿಯಲ್ಲಿ ಪರ ಎಂದಿತ್ತು. ಬಹುಮಾನ ಒಂದು ಸ್ಟೀಲಿನ ತಂಬಿಗೆ. ಅವ್ವ ಅದನ್ನು ತಿರುವಿ ಮುರುವಿ ನೋಡಿ, "ಇಷ್ಟು ದೊಡ್ಡ ಸುಳ್ಳು ಹೇಳಿದ್ದಕ್ಕ ಒಂದು ಕೊಡಾನರ ಕೊಡಬೇಕಿತ್ತು" ಅಂದಳು.

ಅದು ಸುಳ್ಳಲ್ಲ, ಸಿಟ್ಟು. ಆ ಸಿಟ್ಟಿನ ಕಥೆ ಅಪ್ಪನಿಂದ ಶುರುವಾಗುತ್ತದೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನಮ್ಮದು ಮೋಟೆಬೆನ್ನೂರಿನ ಆಚೆಗಿನ ಹಳ್ಳಿ. ಅಪ್ಪ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಿದ್ದ. ಸಂಜೆ ಬಂದರೆ ಮೈಯಲ್ಲಿ ಕಾಯಿಯ ಘಾಟು, ಬಾಯಲ್ಲಿ ಸಾರಾಯಿಯ ಘಾಟು. ಆಗ ಸಾರಾಯಿ ಲೈಸೆನ್ಸ್ ಇದ್ದ ಅಂಗಡಿಯಲ್ಲಿ ಪಾಕೀಟಿನಲ್ಲಿ ಸಿಗುತ್ತಿತ್ತು. ಅಪ್ಪ ಪಾಕೀಟನ್ನು ಬೆಳಕಿಗೆ ಹಿಡಿದು, ಮೇಲಿನ ಅಚ್ಚು ನೋಡಿ ಖಾತ್ರಿ ಮಾಡಿಕೊಂಡೇ ಮೂಲೆ ಕಚ್ಚುತ್ತಿದ್ದ. ಕಳ್ಳಭಟ್ಟಿ ಕುಡಿಯುವವರನ್ನು ಕಂಡರೆ ಅವನಿಗೆ ಅಸಹ್ಯ.

"ಇದು ಸರಕಾರಿ ಮಾಲು. ವಿಷ ಆಗಿದ್ರ ಸರಕಾರ ಸೀಲ್ ಹೊಡಿತಿತ್ತೇನು?" ಎಂದು ಅವ್ವನನ್ನು ಕೇಳುತ್ತಿದ್ದ.

"ಬೇಲಿನ ಎದ್ದು ಹೊಲ ಮೇದ್ರ ಯಾರ ಮುಂದ ಹೇಳೂದು" ಎನ್ನುತ್ತ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮೈಮೇಲೆ ಏಟು ಬಿದ್ದ ದಿನ ಅದನ್ನೂ ಹೇಳುತ್ತಿರಲಿಲ್ಲ. ನನಗೆ ಅಪ್ಪನಿಗಿಂತ ಆ ಅಚ್ಚಿನ ಮೇಲೆ ಹೆಚ್ಚು ರೋಷ. ನಮ್ಮ ಮಾತು ಒಂದೂ ಕೇಳದವನು ಅದರ ಮಾತು ಕೇಳುತ್ತಿದ್ದ.

ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ಮನೆಯಲ್ಲಿ ಒಬ್ಬ ಅಜ್ಜ ಇದ್ದ. ರಕ್ತಸಂಬಂಧವಿಲ್ಲ, ಆದರೂ ಅಪ್ಪ ಅವನನ್ನು ಕಾಕಾ ಎಂದೇ ಕರೆಯುತ್ತಿದ್ದ. ಅಪ್ಪನ ಕೈ ಮೇಲೆದ್ದ ದಿನ ನಾನೂ ಅವ್ವನೂ ಓಡುತ್ತಿದ್ದದ್ದು ಅವನ ಪಡಸಾಲೆಗೆ. ಅಜ್ಜನ ಹಿತ್ತಲಲ್ಲಿ ಬದನೆ ಗಿಡಗಳ ಹಿಂದೆ ಎರಡು ಭಂಗಿ ಗಿಡ ಇದ್ದವು, ಗಾಂಜಾಕ್ಕೆ ನಮ್ಮ ಕಡೆ ಭಂಗಿ ಎನ್ನುತ್ತಾರೆ. ಸೋಮವಾರದ ಭಜನೆಯಲ್ಲಿ ಚಿಲುಮೆ ಒಂದು ಸುತ್ತು ಬರುತ್ತಿತ್ತು. ಭಂಗಿ ಅಮೃತವೆಂದು ನಾನು ಹೇಳುತ್ತಿಲ್ಲ. ಅಜ್ಜ ಅದರ ಮಂಪರಿನಲ್ಲೇ ತನಗಿದ್ದ ಹೊಲ ಬೀಳು ಬಿಟ್ಟವನು. ಆದರೆ ಅವನ ಕೈ ಯಾರ ಮೇಲೂ ಎದ್ದದ್ದನ್ನು ನಾನು ಕಾಣೆ.

ಯಾರು ಚಾಡಿ ಹೇಳಿದರೋ, ಒಂದು ಭಾನುವಾರ ಮಧ್ಯಾಹ್ನ ಪೊಲೀಸ್ ಜೀಪು ಬಂತು. ಪಂಚನಾಮೆಗೆ ಸಾಕ್ಷಿಯಾಗಿ ಊರಿನ ಇಬ್ಬರು ಬೇಕಿತ್ತು. ಅಪ್ಪ ಆಗಷ್ಟೇ ಎರಡನೇ ಪಾಕೀಟು ಮುಗಿಸಿ ಕಟ್ಟೆಯ ಮೇಲೆ ಕುಳಿತಿದ್ದ. ಪಂಚನಾಗಿ ಬಾ ಎಂದು ಅವನನ್ನು ಕರೆದರು. ಅಪ್ಪ ಮನೆಯೊಳಗೆ ಓಡಿಬಂದ.

"ಲಗೂನ ಧೋತರ ಕೊಡು, ಟೊಪಗಿ ಕೊಡು! ನನ್ನ ಪಂಚ ಮಾಡ್ಯಾರ!"

ನಮ್ಮೂರಲ್ಲಿ ಪಂಚರೆಂದರೆ ಗುಡಿಕಟ್ಟೆಯ ಮೇಲೆ ಕುಳಿತು ಜಗಳ ಬಗೆಹರಿಸುವ ಹಿರಿಯರು. ಅಪ್ಪನನ್ನು ಆ ಕಟ್ಟೆಗೆ ಯಾರೂ ಹತ್ತಿಸಿರಲಿಲ್ಲ, ಕುಡುಕನನ್ನು ಯಾರು ಹತ್ತಿಸುತ್ತಾರೆ? ಈಗ ಸರಕಾರವೇ ಕರೆದಿತ್ತು. ಬಿಳಿ ಧೋತರ ಉಟ್ಟು, ಟೊಪ್ಪಿಗೆ ಇಟ್ಟು, ಮದುಮಗನ ಹಾಗೆ ಹೊರಟ. ತೋರಿಸಿದ ಕಡೆಯೆಲ್ಲ ಸಹಿ ಹಾಕಿದ. ಆಮೇಲೆ ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟ.

"ಸಾಹೇಬ್ರ, ಪಂಚ ಆಗಿ ಹೇಳಾಕತ್ತೇನಿ. ಮುದುಕ ಅದಾನ, ಬುದ್ಧಿ ಹೇಳಿ ಬಿಟ್ಟುಬಿಡ್ರಿ."

ಬಂದವರು ನಕ್ಕರು. ಒಬ್ಬ, "ನೀ ಸಹಿ ಮಾಡಿದ್ದ ಅಂವನ್ನ ಒಯ್ಯಾಕ ಮಾರಾಯ" ಅಂದ. ಅಜ್ಜ ಜೀಪು ಹತ್ತುವಾಗ ನನ್ನ ಕಡೆ ನೋಡಿ, "ತಂಗಿ, ಬದನಿ ಗಿಡಕ್ಕ ನೀರು ಹಾಕವಾ" ಅಂದ. ಅಪ್ಪ ಟೊಪ್ಪಿಗೆ ಕೈಯಲ್ಲಿ ಹಿಡಿದು ಜೀಪಿನ ಹಿಂದೆ ಸ್ವಲ್ಪ ದೂರ ನಡೆದ. ಆಮೇಲೆ ಅಂಗಡಿಯ ಕಡೆ ತಿರುಗಿದ.

ಅಜ್ಜ ಒಳಗಿದ್ದ ಆ ತಿಂಗಳುಗಳಲ್ಲೇ ಚರ್ಚಾ ಸ್ಪರ್ಧೆ ಬಂತು. ಭಂಗಿಗೂ ಒಂದು ಸೀಲು ಇದ್ದಿದ್ದರೆ ಅಜ್ಜ ಮನೆಯಲ್ಲಿರುತ್ತಿದ್ದ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಒಂದಕ್ಕೆ ಸೀಲು, ಇನ್ನೊಂದಕ್ಕೆ ಸೆರೆಮನೆ, ಇದು ಯಾವ ನ್ಯಾಯ ಎಂದು ಕೂಗಿದೆ. ಚಪ್ಪಾಳೆ ಬಿತ್ತು. ಮನೆಗೆ ಬಂದು ಹೇಳಿದರೆ ಅಪ್ಪ, "ಹಂಗ ಸೀಲ್ ಬಿದ್ರ ಅದನ್ನೂ ಒಂದು ಕೈ ನೋಡೂಣು" ಅಂದ. ತಂಬಿಗೆಯನ್ನು ಅವನ ತಲೆಗೆ ಎಸೆಯಬೇಕೆನಿಸಿತು. ಅವ್ವನ ಮಾತು ಆಗ ಅರ್ಥವಾಯಿತು.

ಅಜ್ಜ ಜಾಮೀನಿನ ಮೇಲೆ ಬಂದ. ಭಜನೆ ಮತ್ತೆ ಶುರುವಾಗಲಿಲ್ಲ. ಅವನ ಏಕತಾರಿ ಗೂಟಕ್ಕೆ ಹಾಕಿದ್ದು ಅಲ್ಲೇ ಉಳಿಯಿತು. ಅಜ್ಜ ನಮ್ಮ ಹೊಸ್ತಿಲು ತುಳಿಯಲಿಲ್ಲ. ಕೇಸಿನ ತಾರೀಖು ಬಂದಾಗಲೆಲ್ಲ ಹಾವೇರಿ ಬಸ್ಸು ಹತ್ತುತ್ತಿದ್ದ.

ಮುಂದೆ ಸಾರಾಯಿ ಬಂದ್ ಆಯಿತು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಅಪ್ಪ ಎಂಟು ದಿನ ಕೈ ನಡುಗಿಸುತ್ತ ಮನೆಯಲ್ಲಿದ್ದ. ಆ ಎಂಟು ದಿನ ನಾವು ಮೂವರೂ ಒಟ್ಟಿಗೆ ಉಂಡೆವು. ಊರ ಹಿಂದೆ ಕಳ್ಳಭಟ್ಟಿ ಸಿಗುತ್ತಿತ್ತು, ಅವನು ಅತ್ತ ಸುಳಿಯಲಿಲ್ಲ. ಒಂಬತ್ತನೇ ದಿನ ಬ್ಯಾಡಗಿಯಿಂದ ವಿಸ್ಕಿ ತಂದ. ಅದರ ಮೇಲೆ ಸೀಲ್ ಇತ್ತು.

ಎರಡು ವರ್ಷದಲ್ಲಿ ಅವನ ಕಣ್ಣು ಅರಿಶಿನವಾದವು, ಹೊಟ್ಟೆ ಉಬ್ಬಿತು. ಹಾವೇರಿಯ ದವಾಖಾನೆಗೆ ಸೇರಿಸಿದೆವು. ಕಾಕಾನನ್ನು ಕರೆಯಿರಿ ಎಂದು ಹಟ ಹಿಡಿದ. ಬರುತ್ತಾನೆಂದು ನನಗೆ ನಂಬಿಕೆ ಇರಲಿಲ್ಲ. ಮರುದಿನ ಬೆಳಿಗ್ಗೆ ಅಜ್ಜ ಕೋಲು ಊರಿಕೊಂಡು ಬಂದು ಮಂಚದ ಪಕ್ಕ ಕುಳಿತ. ಅಪ್ಪ ತಪ್ಪಾಯಿತು ಎನ್ನುತ್ತಾನೆಂದು ನಾನು ಕಾದೆ.

"ಕಾಕಾ, ನಾ ಎಂದೂ ಕಳ್ಳ ಮಾಲು ಮುಟ್ಟಿಲ್ಲ."

ಅಜ್ಜ ಅವನ ಹೊದಿಕೆ ಎಳೆದು ಸರಿಮಾಡಿದ.

"ಖರೇ ಐತಿ ತಮ್ಮಾ. ನೀ ಎಂದೂ ಕಾಯ್ದೆ ಮೀರಿದಾಂವಲ್ಲ."

ಅದು ಸಮಾಧಾನವೋ ಕಪಾಳಕ್ಕೆ ಹೊಡೆದದ್ದೋ ನನಗೆ ಇವತ್ತಿಗೂ ತಿಳಿದಿಲ್ಲ. ಅಪ್ಪ ಮಾತ್ರ ಕಣ್ಣು ಮುಚ್ಚಿ ನೆಮ್ಮದಿಯಿಂದ ತಲೆಯಾಡಿಸಿದ. ಅಜ್ಜ ಕೋಲು ತೆಗೆದುಕೊಂಡು ಎದ್ದ. ಅವತ್ತು ಅವನ ಕೇಸಿನ ತಾರೀಖು ಇತ್ತು.