ದಿನ ತುಂಬುವವರೆಗೆ

ನಾನು ಬಾಯಿಬಡುಕಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮಾನ್ವಿಯ ನಮ್ಮ ಓಣಿಯವರು ಯಾರಾದರೂ ಹೇಳುತ್ತಾರೆ. ಅಂಗನವಾಡಿ ಟೀಚರ್‌ಗೆ ಬಾಯಿಯೇ ಬಂಡವಾಳ. ಬಾಣಂತಿಯರ ಮನೆಮನೆಗೆ ಹೋಗಿ, ಕೂಸಿನ ಜೊತೆ ಮಾತಾಡಿರಿ, ಅದಕ್ಕೇನು ತಿಳಿಯುತ್ತದೆ ಅನ್ನಬೇಡಿರಿ ಎಂದು ವರ್ಷಗಟ್ಟಲೆ ಬುದ್ಧಿ ಹೇಳಿದವಳು ನಾನು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಕಲಗಚ್ಚಿನಲ್ಲಿ ಬಿತ್ತಂತೆ. ನನ್ನ ಮಗಳು ಹುಟ್ಟಿದಾಗ ಐವತ್ತು ದಿನ ನಾನು ಅವಳ ಮುಂದೆ ತುಟಿ ಬಿಚ್ಚಲಿಲ್ಲ.

ಬಸುರಿಗೆ ಸೀರೆ, ಬಳೆ ಇಟ್ಟು ಹರಸುವ ಕುಬಸಕ್ಕೆಂದು ದೇವದುರ್ಗದ ತವರಿಗೆ ಹೋಗಿದ್ದೆ. ಅವ್ವ ಹಸಿರು ಸೀರೆ, ಹಸಿರು ಬಳೆ ತಂದಿಟ್ಟಿದ್ದಳು. ಬಳೆ ಇಡಿಸಿಕೊಳ್ಳುವ ಮೊದಲೇ ನೋವು ಬಂತು. ಏಳು ತಿಂಗಳು ತುಂಬಿ ಇನ್ನೂ ವಾರವಾಗಿತ್ತಷ್ಟೇ. ರಾಯಚೂರಿನ ಆಸ್ಪತ್ರೆ ಮುಟ್ಟಿದ ಒಂದು ತಾಸಿನಲ್ಲಿ ಹೆರಿಗೆಯಾಯಿತು. ಮಗಳು ಒಂದು ಮೊಳವೂ ಇರಲಿಲ್ಲ. ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು, ಪಕ್ಕದಲ್ಲಿ ಮಷೀನು ಒಂದೇ ಸಮನೆ ಕೂಗುತ್ತಿತ್ತು.

ಅವ್ವ ಗಾಜಿನಾಚೆಯಿಂದ ನೋಡಿ ನನ್ನ ಹತ್ತಿರ ಬಂದು ಕುಳಿತಳು.

“ದಿನ ತುಂಬೋತನಕ ಕೂಸು ಇನ್ನಾ ನಿನ್ನ ಹೊಟ್ಟ್ಯಾಗ ಅದ ಅಂತ ತಿಳಕೋ. ಹೆಸರು ಇಡಬ್ಯಾಡ, ಮಾತಾಡಸಬ್ಯಾಡ” ಎಂದಳು.

ನನಗಿಂತ ಮೊದಲು ಅವ್ವನಿಗೊಂದು ಕೂಸು ಹೀಗೆಯೇ ದಿನ ತುಂಬದೆ ಹುಟ್ಟಿ, ಹೆಸರಿಟ್ಟ ಮರುದಿನ ಹೋಗಿತ್ತು. ಕೂಲಿಗೆ ಹೋದ ಹೊಲದಲ್ಲಿ ಆ ಹೆಸರಿನಿಂದ ಯಾರಾದರೂ ಯಾರನ್ನೋ ಕರೆದರೆ ಇವತ್ತಿಗೂ ಅವ್ವನ ಕೈಯಲ್ಲಿನ ಕುಡುಗೋಲು ನಿಂತುಬಿಡುತ್ತದೆ.

ಸಿಸ್ಟರ್ ದಿನಾ ಕೂಸನ್ನು ತಂದು ನನ್ನ ಬರಿ ಎದೆಗೆ ಒರಗಿಸಿ, ಮೇಲೆ ಬಟ್ಟೆ ಸುತ್ತಿ ಕಟ್ಟುತ್ತಿದ್ದಳು. ಮಾತಾಡಿಸ್ರಿ ಎನ್ನುತ್ತಿದ್ದಳು. ನಾನು ತಲೆಯಾಡಿಸಿ ಸುಮ್ಮನಿರುತ್ತಿದ್ದೆ. ಅವ್ವನ ಕಟ್ಟಳೆ ಮುರಿಯಬಾರದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಸುಳ್ಳು. ಅವ್ವನ ಯಾವ ಕಟ್ಟಳೆಯನ್ನು ನಾನು ಪಾಲಿಸಿದ್ದೇನೆ? ನನಗೆ ಹೆದರಿಕೆಯಿತ್ತು. ಒಂದು ಸಲ ಮಾತಾಡಿಸಿದರೆ ಅವಳು ನನ್ನವಳಾಗಿಬಿಡುತ್ತಾಳೆ, ಆಮೇಲೆ ಏನಾದರೂ ಆದರೆ ನಾನು ಉಳಿಯುವುದಿಲ್ಲ ಅನ್ನಿಸಿತ್ತು.

ಅವಳು ಉಳಿದಳು. ದಿನ ತುಂಬಿತು, ಹೆಸರಿಟ್ಟೆವು, ನನ್ನ ಬಾಯಿಯೂ ತೆರೆಯಿತು. ಮಗಳ ಬಾಯಿ ಮಾತ್ರ ತೆರೆಯಲಿಲ್ಲ. ಎರಡು ವರ್ಷ ತುಂಬಿದರೂ ಒಂದು ಮಾತಿಲ್ಲ. ಅಂಗನವಾಡಿಯಲ್ಲಿ ಅವಳಿಗಿಂತ ಸಣ್ಣವು ಹಾಡು ಹೇಳುವಾಗ ಇವಳು ನೀರಿನ ಕೊಡದ ಪಕ್ಕ ಕುಳಿತು ಎಲ್ಲರ ಬಾಯಿ ನೋಡುತ್ತಿದ್ದಳು. ಮಧ್ಯಾಹ್ನ ತಾಯಂದಿರು ಬಂದಾಗ ಮಕ್ಕಳು “ಯವ್ವಾ” ಎಂದು ಕೂಗುತ್ತ ಓಡುತ್ತಿದ್ದವು. ನನ್ನನ್ನಲ್ಲ ಎಂದು ಗೊತ್ತಿದ್ದೂ ಪ್ರತಿ ಸಲ ನನ್ನ ಕತ್ತು ತಿರುಗುತ್ತಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಆ ಬಂಗಾರ ನನಗೆ ಸಾಕಾಗಿಹೋಗಿತ್ತು. ಮನೆಗೆ ಬಂದು ಮಗಳನ್ನು ಎದುರಿಗೆ ಕೂರಿಸಿಕೊಂಡು, ಅವ್ವ ಅಂತ ಹೇಳ, ಹೇಳ, ಎಂದು ಗಂಟುಬೀಳುತ್ತಿದ್ದೆ. ಬಿಸ್ಕತ್ತು ಮುಂದೆ ಹಿಡಿದು, ಹೇಳಿದರೆ ಮಾತ್ರ ಕೊಡುತ್ತೇನೆ ಎಂದದ್ದೂ ಉಂಟು. ಅವಳು ಬಿಸ್ಕತ್ತನ್ನೂ ನೋಡದೆ ನನ್ನ ತುಟಿಯನ್ನೇ ನೋಡುತ್ತಿದ್ದಳು.

ಕೊನೆಗೆ ರಾಯಚೂರಿನಲ್ಲಿ ಮಾತು ಕಲಿಸುವ ಮೇಡಂ ಒಬ್ಬರ ಬಳಿ ಕರೆದೊಯ್ದೆ. ಕಿವಿ ಚೆನ್ನಾಗಿದೆ ಎಂದರು. ದಿನ ತುಂಬದೆ ಹುಟ್ಟಿದ ಕೆಲವು ಮಕ್ಕಳಿಗೆ ಕಿವಿಗೆ ಬಿದ್ದ ಸದ್ದಿನಲ್ಲಿ ಮಾತನ್ನು ಬೇರೆ ಮಾಡಿಕೊಳ್ಳಲು ಹೆಚ್ಚು ಸಮಯ ಬೇಕಾಗುತ್ತದೆ, ವಯಸ್ಸನ್ನು ದಿನ ತುಂಬಬೇಕಿದ್ದ ತಾರೀಖಿನಿಂದ ಎಣಿಸಬೇಕು ಎಂದರು. ಅವ್ವನ ಎಣಿಕೆಯೂ ಅದೇ ಆಗಿತ್ತಲ್ಲ ಎಂದು ನಾನು ಎಲ್ಲವನ್ನೂ ಹೇಳಿಬಿಟ್ಟೆ, ಐವತ್ತು ದಿನದ ಮೌನವನ್ನೂ.

“ನಿಮ್ಮವ್ವ ಹೇಳಿದ್ದು ಅರ್ಧ ಖರೇ ಅದ ರೀ. ಆದ್ರ ಕೂಸು ಹೊಟ್ಟ್ಯಾಗ ಇದ್ದಾಗ ತಾಯಿ ಸುಮ್ಮನ ಇರ್ತಾಳೇನ್ರಿ? ಕೊನೀ ತಿಂಗಳುಗಳಾಗ ಅದು ನಿಮ್ಮ ದನಿ ಕೇಳಿಕೋಂತನ ಬೆಳೀತದ” ಎಂದರು.

ನನ್ನ ಮುಖ ನೋಡಿ, ಅದೊಂದರಿಂದಲೇ ಹೀಗಾಯಿತು ಎಂದು ಯಾರೂ ಹೇಳಲಾರರು, ದಿನಾ ಮಾತಾಡಿಸಿದ ತಾಯಂದಿರ ಮಕ್ಕಳೂ ತಡ ಮಾಡುತ್ತವೆ, ಎಷ್ಟೋ ಮಕ್ಕಳು ಆಮೇಲೆ ಸರಿಸಮ ಬರುತ್ತವೆ ಎಂದು ಸಮಾಧಾನ ಮಾಡಿದರು. ಇನ್ನು ಮೇಲೆ ಹೇಳು ಹೇಳು ಎಂದು ಮಗುವನ್ನು ಕಾಡಬೇಡಿ, ನೀವೇ ಹೇಳಿ, ಆಮೇಲೆ ಕಾಯಿರಿ ಎಂದರು.

ಮರಳುವ ಬಸ್ಸಿನಲ್ಲಿ ಈ ಬಾಯಿಬಡುಕಿಗೆ ಮಾತೇ ಬರಲಿಲ್ಲ. ಕಿಟಕಿಗೆ ತಲೆ ಆನಿಸಿ ಕುಳಿತಿದ್ದೆ. ಮಗಳು ತೊಡೆಯ ಮೇಲೆ, ಅವಳ ಕಿವಿ ನನ್ನ ಎದೆಗೆ, ಆಗ ಆಸ್ಪತ್ರೆಯಲ್ಲಿ ಕಟ್ಟುತ್ತಿದ್ದ ಹಾಗೆಯೇ. ನೀರಮಾನ್ವಿ ಹತ್ತಿರ ಬಂದಾಗ ಅವಳು ತಲೆಯೆತ್ತಿದಳು. ನನ್ನ ತುಟಿಯ ಮೇಲೆ ಬೆರಳಿಟ್ಟಳು.

“ಹೇಳ” ಎಂದಳು.

ಎರಡೂವರೆ ವರ್ಷ ನಾನು ಕಾದಿದ್ದ ಮಾತು ಇದಲ್ಲ. ಆದರೆ ಅವಳು ಕೇಳಿದ್ದು ಏನೆಂದು ನನಗೆ ತಿಳಿಯಿತು. ಗಾಜಿನ ಪೆಟ್ಟಿಗೆಯಿಂದ ಶುರುಮಾಡಿದೆ. ನಿನ್ನ ಉಗುರು ಅಕ್ಕಿನುಚ್ಚಿನಷ್ಟಿದ್ದವು, ಹಸಿರು ಬಳೆ ಇನ್ನೂ ಟ್ರಂಕಿನಲ್ಲಿವೆ, ನಿನ್ನನ್ನು ಕಂಡರೆ ನನಗೆ ಬಹಳ ಹೆದರಿಕೆಯಿತ್ತು ಎಂದೆಲ್ಲ ಮಾನ್ವಿ ಬಸ್‌ಸ್ಟ್ಯಾಂಡ್ ಬರುವವರೆಗೂ ಹೇಳಿದೆ. ಪಕ್ಕದ ಸೀಟಿನ ಹೆಂಗಸು ನಾನು ಅಳುವುದನ್ನು ನೋಡಿ ನೀರಿನ ಬಾಟಲಿ ಕೊಟ್ಟಳು.

ಈಗ ಅವಳಿಗೆ ನಾಲ್ಕು ವರ್ಷ. ನೀರು, ರೊಟ್ಟಿ, ಬಸ್ಸು ಅನ್ನುತ್ತಾಳೆ. ದೇವದುರ್ಗದ ಅಜ್ಜಿಯನ್ನು ಫೋನಿನಲ್ಲಿ ಆಯಿ ಎಂದು ಕರೆಯುತ್ತಾಳೆ. ನನ್ನನ್ನು ಇನ್ನೂ ಏನೂ ಕರೆದಿಲ್ಲ, ಸೆರಗು ಜಗ್ಗುತ್ತಾಳೆ. ಕರೆಯದಿದ್ದರೂ ನಡೆಯುತ್ತದೆ ಎನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ, ನನಗೆ ಆ ಮಾತು ಬೇಕು. ಸಂಜೆ ರೊಟ್ಟಿ ಬಡಿಯುವಾಗ ಅವಳು ಹಿಂದಿನಿಂದ ಬಂದು ನನ್ನ ಬೆನ್ನಿಗೆ ಕಿವಿಯಿಟ್ಟು ನಿಲ್ಲುತ್ತಾಳೆ. ನಾನು ಕೈ ನಿಲ್ಲಿಸುತ್ತೇನೆ.

“ನಿಮ್ಮವ್ವ ಇಲ್ಲೇ ಅದಾಳ” ಎನ್ನುತ್ತೇನೆ. ಆಮೇಲೆ ಬಾಯಿ ಮುಚ್ಚಿ ಕಾಯುತ್ತೇನೆ.